ಬೋಣಿ ಗಿರಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬಳ್ಳಾರಿಯವನು. ಎಸ್‌ಇಒ ಕೆಲಸ ಮಾಡುತ್ತೇನೆ. ಸರ್ಚ್ ಎಂಜಿನ್ ಆಪ್ಟಿಮೈಸೇಷನ್ ಅಂತಾರಲ್ಲ, ಅದೇ. ಯಾರೋ ಗೂಗಲ್‌ನಲ್ಲಿ ಏನನ್ನೋ ಹುಡುಕುತ್ತಾರೆ, ಆಗ ನಿಮ್ಮ ಅಂಗಡಿ, ನಿಮ್ಮ ಕ್ಲಿನಿಕ್ಕು, ನಿಮ್ಮ ಮಿಲ್ಲು ಅವರ ಕಣ್ಣಿಗೆ ಬೀಳಬೇಕು. ಅದಕ್ಕೆ ಬೇಕಾದ ಕೆಲಸ ಇದು. ಜಾಹೀರಾತಿಗೆ ದುಡ್ಡು ಕಟ್ಟಿ ಮೇಲೆ ಬರುವುದು ಬೇರೆ ವಿಷಯ, ಅದನ್ನು ಇವತ್ತು ಮಾತಾಡುವುದಿಲ್ಲ.

ಕೊಪ್ಪಳ, ಸಿಂಧನೂರು, ಮಾನ್ವಿ ಕಡೆಯಿಂದ ಹುಡುಗರು, ಹುಡುಗಿಯರು ನನಗೆ ಫೋನ್ ಮಾಡುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ. "ಅಣ್ಣ, ಕೆಲಸ ಕಲ್ತಿದೀವಿ. ಮೊದಲ ಕ್ಲೈಂಟ್ ಎಲ್ಲಿ ಸಿಗ್ತಾರೆ?" ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಕೂತು ಹೇಳುತ್ತಿದ್ದೇನೆ.

ಶುರು ಮಾಡಿದಾಗ ನಾನು ಮೂರು ತಿಂಗಳು ಮನೆಯಿಂದ ಹೊರಗೇ ಬರಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತು ಬೆಂಗಳೂರು, ಹೈದರಾಬಾದ್, ಪುಣೆಯ ಕಂಪನಿಗಳಿಗೆ ಇಮೇಲ್ ಕಳಿಸಿದ್ದೇ ಕಳಿಸಿದ್ದು. ಇನ್ನೂರಕ್ಕಿಂತ ಜಾಸ್ತಿ. ಎಲ್ಲಕ್ಕೂ ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ನಾಲ್ಕು ಉತ್ತರ ಬಂದವು, ನಾಲ್ಕೂ ಬೇಡ ಅಂತ. ಆ ಮೂರು ತಿಂಗಳು ಅಪ್ಪನ ಮುಖ ನೋಡುವುದಕ್ಕೆ ಕಷ್ಟವಾಗುತ್ತಿತ್ತು. ಊಟಕ್ಕೆ ಕೂತಾಗ ಅವರು ಏನೂ ಕೇಳುತ್ತಿರಲಿಲ್ಲ, ಅದೇ ಜಾಸ್ತಿ ನೋವು.

ಕೊನೆಗೆ ಗಿರಾಕಿ ಸಿಕ್ಕಿದ್ದು ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ. ಕೌಲ್ ಬಜಾರಿನಲ್ಲಿ.

ಬಳ್ಳಾರಿ ಜೀನ್ಸ್ ಗೊತ್ತಲ್ವಾ ನಿಮಗೆ? ಇಲ್ಲಿನ ಸಣ್ಣ ಸಣ್ಣ ಯೂನಿಟ್‌ಗಳಲ್ಲಿ ಹೊಲಿದ ಪ್ಯಾಂಟು ಬೇರೆ ರಾಜ್ಯಗಳಿಗೂ ಹೋಗುತ್ತದೆ. ನಮ್ಮಣ್ಣನ ಗೆಳೆಯರೊಬ್ಬರದು ಅಂಥ ಒಂದು ಯೂನಿಟ್. ಏನೋ ಕೊಟ್ಟು ಬರಲು ಹೋಗಿದ್ದೆ. ಅವರು ಕೊರಳಿಗೆ ಟೇಪು ಹಾಕಿಕೊಂಡು, ರಸ್ತೆಯಲ್ಲಿ ನಿಂತು, ಫೋನಿನಲ್ಲಿ ಕೂಗುತ್ತಿದ್ದರು. ಸೊಲ್ಲಾಪುರದಿಂದ ಒಬ್ಬ ವ್ಯಾಪಾರಿ ಬಂದಿದ್ದಾರೆ, ಮ್ಯಾಪ್ ಹಾಕಿಕೊಂಡು ಬಂದವರು ಊರಿನ ಇನ್ನೊಂದು ತುದಿಗೆ ಹೋಗಿ ನಿಂತಿದ್ದಾರೆ, ಅಲ್ಲಿ ಯಾವ ಜೀನ್ಸ್ ಅಂಗಡಿಯೂ ಇಲ್ಲ ಅಂತ ಬೈಯುತ್ತಿದ್ದಾರೆ.

ನಾನು ಫೋನ್ ತೆಗೆದು ನೋಡಿದೆ. ಯೂನಿಟ್ಟಿನ ಹೆಸರು ಗೂಗಲ್ ಮ್ಯಾಪ್‌ನಲ್ಲಿ ಇತ್ತು. ಆದರೆ ಗುರುತು ಬಿದ್ದಿದ್ದು ಅವರು ಹಿಂದೆ ಬಾಡಿಗೆಗಿದ್ದ ಹಳೇ ಶೆಡ್ಡಿನ ಮೇಲೆ. ಅಲ್ಲಿದ್ದ ನಂಬರ್ ಯಾವತ್ತೋ ಬಂದ್ ಆಗಿತ್ತು. ಅದನ್ನು ಹಾಕಿದವರು ಯಾರು ಅಂತ ಅವರಿಗೇ ಗೊತ್ತಿಲ್ಲ. ಮ್ಯಾಪ್‌ಗೆ ಒಂದು ಜಾಗ ಸೇರಿಸುವುದಕ್ಕೆ ಅಂಗಡಿಯ ಮಾಲೀಕರೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ಸೇರಿಸಬಹುದು. ಎಷ್ಟೋ ಅಂಗಡಿಗಳು ಹೀಗೆ ಅವರಿಗೆ ಗೊತ್ತಿಲ್ಲದೆಯೇ ಅಲ್ಲಿವೆ, ತಪ್ಪು ವಿಳಾಸದ ಸಮೇತ.

"ಅಣ್ಣ, ಇದನ್ನ ನಾನು ಸರಿ ಮಾಡ್ಲಾ?" ಅಂದೆ.

"ಆಗ್ತೈತೇನಪ್ಪ ಇದು? ಮಾಡಪ್ಪ, ಪುಣ್ಯ ಬರ್ಲಿ ನಿನಗೆ" ಅಂದರು.

ಎಸ್‌ಇಒ ಎಂಬ ಪದವನ್ನು ನಾನು ಅವತ್ತು ಬಾಯಿ ಬಿಟ್ಟು ಹೇಳಲೇ ಇಲ್ಲ ನೋಡಿ. ಅವರಿಗೊಂದು ತೊಂದರೆ ಇತ್ತು, ಅದು ಅವರಿಗೂ ಕಾಣುತ್ತಿತ್ತು, ನನಗೆ ಸರಿ ಮಾಡಲು ಬರುತ್ತಿತ್ತು. ಅಷ್ಟೇ ನಡೆದಿದ್ದು.

ಜೀನ್ಸ್ ಗಂಟಿನ ಮೇಲೆ ಕೂತು ಅವರ ಫೋನಿನಲ್ಲೇ ಕೆಲಸ ಶುರು ಮಾಡಿದೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಒಂದಿದೆ, ಹುಡುಕಿದವರಿಗೆ ಅಂಗಡಿಯ ಹೆಸರು, ಜಾಗ, ಫೋನ್ ನಂಬರ್ ತೋರಿಸುವುದು ಅದೇ. ಮೊದಲು ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು, 2021ರಲ್ಲಿ ಹೆಸರು ಬದಲಾಯಿತು. ಅದಕ್ಕೆ ಒಂದು ಪೈಸೆಯೂ ಇಲ್ಲ. ಈ ವ್ಯಾಪಾರ ನನ್ನದು ಅಂತ ಮಾಲೀಕರು ತೋರಿಸಿಕೊಡಬೇಕು. ಅವತ್ತು ಗೂಗಲ್ ವಿಡಿಯೋ ಕೇಳಿತು. ರಸ್ತೆ ಕಾಣಬೇಕು, ಬೋರ್ಡು ಕಾಣಬೇಕು, ಒಳಗಿನ ಕೆಲಸ ಕಾಣಬೇಕು, ಅಂಗಡಿ ನಮ್ಮ ಕೈಯಲ್ಲಿದೆ ಅನ್ನುವುದಕ್ಕೆ ಬೀಗ ತೆಗೆಯುವುದನ್ನೋ ಗಲ್ಲಾ ತೆರೆಯುವುದನ್ನೋ ತೋರಿಸಬೇಕು. ಎಲ್ಲವೂ ಒಂದೇ ಏಟಿಗೆ, ನಡುವೆ ನಿಲ್ಲಿಸುವ ಹಾಗಿಲ್ಲ. ಮೊದಲ ಸಲ ಒಳಗೆ ಹೋಗುವಷ್ಟರಲ್ಲಿ ಕರೆಂಟ್ ಹೋಯಿತು. ಎರಡನೇ ಸಲ ಅಣ್ಣ ಶಟರ್ ಪೂರ್ತಿ ಇಳಿಸಿ, ಬೀಗ ಹಾಕಿ, ಮತ್ತೆ ಬೀಗ ತೆಗೆದು ಎತ್ತಿದರು. ನಾನು ಫೋನ್ ಹಿಡಿದು ಹಿಂದೆಯೇ ಹೋದೆ. ಸಾಲಾಗಿ ಎಂಟು ಹೊಲಿಗೆ ಮೆಷಿನ್ನು, ನೆಲದ ತುಂಬ ನೀಲಿ ನೂಲು, ಗೋಡೆಗೆ ಒರಗಿಸಿದ ಪ್ಯಾಂಟಿನ ರಾಶಿ. ಕೆಲವು ದಿನ ಬಿಟ್ಟು ಒಪ್ಪಿಗೆ ಬಂತು. ಗುರುತು ಸರಿಯಾದ ಜಾಗಕ್ಕೆ ಬಂತು.

"ಎಷ್ಟು ಕೊಡ್ಲಪ್ಪ?" ಅಂದರು. ಎರಡು ಸಾವಿರ ಅಂದೆ. ಕೊಟ್ಟರು. ಆ ನೋಟುಗಳನ್ನು ನಾನು ಕಣ್ಣಿಗೊತ್ತಿಕೊಂಡೆ. ಅದು ನನ್ನ ಬೋಣಿ.

ದುಡ್ಡಿನ ವಿಷಯ ಬಂತು, ಇದೊಂದು ಮಾತು ಹೇಳಿಬಿಡುತ್ತೇನೆ. ಮೊದಲ ಕೆಲಸ ಪುಕ್ಕಟೆ ಮಾಡಿಕೊಡಿ, ಹೆಸರು ಬರುತ್ತೆ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಕಡೆ ಪುಕ್ಕಟೆ ಮಾಡಲು ಹೋಗಿದ್ದೆ, ಒಂದು ಫೋಟೋ ಕಳಿಸುವುದಕ್ಕೆ ಅವರಿಗೆ ಒಂದೂವರೆ ತಿಂಗಳು ಪುರುಸೊತ್ತೇ ಆಗಲಿಲ್ಲ. ಕಡಿಮೆ ತಗೊಳ್ಳಿ, ಆದರೆ ತಗೊಳ್ಳಿ. ಐನೂರಾದರೂ ಸರಿ. ಇನ್ನೊಂದು, ಪ್ರೊಫೈಲು, ವೆಬ್‌ಸೈಟು ಎಲ್ಲ ಅವರ ಇಮೇಲ್‌ನಲ್ಲೇ ಇರಲಿ. ಮಾಲೀಕರಾಗಿ ಅವರು, ಮ್ಯಾನೇಜರ್ ಆಗಿ ನೀವು. ತಮ್ಮ ಹೆಸರಿಗೆ ಮಾಡಿಕೊಂಡು ಆಮೇಲೆ ಜಗಳ ಮಾಡಿದವರನ್ನು ನೋಡಿದ್ದೇನೆ. ಅಂಥವರಿಂದ ನಮ್ಮೆಲ್ಲರ ಮೇಲೂ ಅನುಮಾನ ಬರುತ್ತದೆ.

ಸರಿ, ಬೋಣಿ ಆಯಿತು. ಎರಡನೇ ಗಿರಾಕಿ ಹೇಗೆ ಬಂದರು ಅನ್ನುವುದು ಮುಖ್ಯ.

ಗುರುತು ಸರಿಯಾದ ದಿನವೇ ನಾನು ಅಣ್ಣನಿಗೆ ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಕೊಟ್ಟು ಬಂದೆ. ಹೊಸಬರು ಯಾರೇ ಫೋನ್ ಮಾಡಲಿ, ನಂಬರ್ ಎಲ್ಲಿ ಸಿಕ್ತು ಅಂತ ಕೇಳಿ, ಒಂದು ಗೀಟು ಹಾಕಿ ಅಂದೆ. ಎಷ್ಟು ಜನ ಫೋನ್ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಅನ್ನುವುದನ್ನು ಗೂಗಲ್ ಪ್ರೊಫೈಲೇ ಲೆಕ್ಕ ಇಟ್ಟು ತೋರಿಸುತ್ತದೆ. ಆದರೆ ನನ್ನ ಪರದೆಯ ಮೇಲಿನ ಅಂಕಿಗಿಂತ ತಮ್ಮ ಕೈಯಾರೆ ಹಾಕಿದ ಗೀಟನ್ನು ಅಂಗಡಿಯವರು ಜಾಸ್ತಿ ನಂಬುತ್ತಾರೆ, ನಂಬಬೇಕಾದ್ದೂ ಹೌದು. ತಿಂಗಳು ಕಳೆದಾಗ ಹನ್ನೊಂದು ಗೀಟು ಇದ್ದವು. ಅದರಲ್ಲಿ ಇಬ್ಬರು ಮಾಲು ತಗೊಂಡಿದ್ದರು. ಅಣ್ಣ ಆ ಪುಸ್ತಕವನ್ನು ಗಲ್ಲಾದ ಪಕ್ಕದಲ್ಲೇ ಇಟ್ಟಿದ್ದರು, ಬಂದವರಿಗೆಲ್ಲ ತೋರಿಸುತ್ತಿದ್ದರು. ಹಾಗೆ ನೋಡಿದವರಲ್ಲಿ ಒಬ್ಬರು ಅವರ ಭಾವಮೈದುನ. ಹಲ್ಲಿನ ಡಾಕ್ಟರು. ಎರಡನೇ ಕ್ಲೈಂಟ್ ಅವರೇ. ಮೂರನೆಯವರು ಡಾಕ್ಟರ ಕ್ಲಿನಿಕ್ಕಿನ ಕಟ್ಟಡದ ಮಾಲೀಕರು, ಅವರದೊಂದು ಕಲ್ಯಾಣ ಮಂಟಪ ಇತ್ತು. ನಾನು ಇನ್ನೂರು ಇಮೇಲ್‌ನಲ್ಲಿ ಹುಡುಕಿದ್ದು ಆ ಪುಸ್ತಕದಲ್ಲಿ ಸಿಕ್ಕಿತು.

ಊರಿನ ಹೆಸರಿನ ಬಗ್ಗೆ ಒಂದು ಮಾತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮೂರು ಬಳ್ಳಾರಿ ಆಯಿತು. ಆದರೆ ಹೊರಗಿನ ವ್ಯಾಪಾರಿಗಳಲ್ಲಿ ಬಹಳ ಜನ ಈಗಲೂ ಬಿ ಇ ಎಲ್ ಎಲ್ ಎ ಆರ್ ವೈ, ಬೆಲ್ಲಾರಿ ಅಂತಲೇ ಒತ್ತುತ್ತಾರೆ. ಇವೆರಡೂ ಒಂದೇ ಊರೆಂದು ಗೂಗಲ್‌ಗೆ ಗೊತ್ತು. ಆದರೂ ಸೊಲ್ಲಾಪುರದವರಿಗೆ ತಾವು ಒತ್ತಿದ ಹೆಸರೇ ಪುಟದಲ್ಲಿ ಕಂಡರೆ, ಹೌದು ಇದೇ ಊರು ಅಂತ ಧೈರ್ಯ. ಅಣ್ಣನಿಗೆ ಆಮೇಲೆ ಮಾಡಿಕೊಟ್ಟ ವೆಬ್‌ಸೈಟಿನಲ್ಲಿ ಎರಡನ್ನೂ ಬರೆದೆ, ಓದುವವರಿಗೆ ಸಹಜವಾಗಿ ಕಾಣುವ ಹಾಗೆ. ಇಂಥದ್ದು ಬೆಂಗಳೂರಿನಲ್ಲಿ ಕೂತವರಿಗೆ ತಟ್ಟನೆ ಹೊಳೆಯುವುದಿಲ್ಲ. ನೀವು ಈ ಊರಿನವರು ಅನ್ನುವುದೇ ನಿಮ್ಮ ಬಂಡವಾಳ.

ಇನ್ನು ನಾನು ತಪ್ಪು ಮಾಡಿದ್ದು. ನಾಲ್ಕನೇ ಕ್ಲೈಂಟಿಗೆ ಒಂದು ತಿಂಗಳಲ್ಲಿ ಮೊದಲ ಸ್ಥಾನಕ್ಕೆ ತರುತ್ತೇನೆ ಅಂತ ಮಾತು ಕೊಟ್ಟೆ. ದುಡ್ಡಿನ ಅಡಚಣೆ ಇತ್ತು, ಆಸೆ ಬಿದ್ದೆ. ತಿಂಗಳು ಕಳೆಯಿತು, ಎರಡಾಯಿತು, ಅವರ ಹೆಸರು ಎರಡನೇ ಪುಟ ದಾಟಲಿಲ್ಲ. ಅಂಗಡಿ ತುಂಬ ಜನ ಇದ್ದಾಗ ಕರೆದು ದುಡ್ಡು ವಾಪಸ್ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂರು ಕಂತಿನಲ್ಲಿ ಪೂರ್ತಿ ಕೊಟ್ಟೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗುವುದಿಲ್ಲ ಅಂತ ಗೂಗಲ್‌ನವರೇ ಹೇಳುತ್ತಾರೆ. ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತಲೂ ಅವರೇ ಹೇಳಿದ್ದಾರೆ. ಈಗ ನಾನು ಮೊದಲ ಭೇಟಿಯಲ್ಲೇ ಇದನ್ನು ಹೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಉಳಿದವರು ವರ್ಷಗಟ್ಟಲೆ ಜೊತೆಗಿರುತ್ತಾರೆ. ಹಾಗೆಯೇ ದುಡ್ಡು ಕೊಟ್ಟೋ ರಿಯಾಯಿತಿ ಕೊಟ್ಟೋ ರಿವ್ಯೂ ಬರೆಸುವುದು, ಪ್ರೊಫೈಲಿನ ಹೆಸರಿನಲ್ಲಿ ಬೆಸ್ಟು, ನಂಬರ್ ಒನ್ನು ಅಂತೆಲ್ಲ ತುರುಕುವುದು, ಇವೆರಡೂ ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಪ್ರೊಫೈಲೇ ಹೋಗಬಹುದು, ನಷ್ಟ ಆಗುವುದು ನಿಮ್ಮನ್ನು ನಂಬಿದವರಿಗೆ.

ಯಾರ ಹತ್ತಿರ ಹೋಗಬೇಕು? ಓಣಿಯ ಕಿರಾಣಿ ಅಂಗಡಿಗೆ ನಮ್ಮ ಕೆಲಸ ಬೇಕಿಲ್ಲ, ಓಣಿಯವರೆಲ್ಲರಿಗೂ ಆ ಅಂಗಡಿ ಗೊತ್ತು. ದಲಾಲಿಗಳ ಮೂಲಕವೇ ಅಕ್ಕಿ ಮಾರುವ ಮಿಲ್ಲಿಗೂ ಅಷ್ಟಾಗಿ ಬೇಡ. ಬೇಡ ಅನ್ನುವುದನ್ನು ಅವರಿಗೆ ನೇರವಾಗಿ ಹೇಳಿ, ಅವರೇ ಇನ್ನೊಬ್ಬರನ್ನು ಕಳಿಸುತ್ತಾರೆ, ನನಗೆ ಹಾಗೆ ಆಗಿದೆ. ಗುರುತಿಲ್ಲದ ಜನ ಹುಡುಕಿಕೊಂಡು ಬರುವ ಕಸುಬು ಯಾವುದು ಅಂತ ನೋಡಿ. ಅಂಜನಾದ್ರಿ ಬೆಟ್ಟಕ್ಕೆ ಉತ್ತರ ಭಾರತದಿಂದ ಭಕ್ತರು ಬರುತ್ತಾರೆ, ರಾತ್ರಿ ಉಳಿಯಲು ಗಂಗಾವತಿಯಲ್ಲಿ ರೂಮು ಹುಡುಕುತ್ತಾರೆ, ಹಿಂದಿಯಲ್ಲಿ ಹುಡುಕುತ್ತಾರೆ. ಅಲ್ಲಿನ ಎಷ್ಟು ಲಾಡ್ಜಿನವರು ಫೋಟೋ, ದರ, ಬೆಟ್ಟಕ್ಕೆ ಎಷ್ಟು ದೂರ ಅನ್ನುವುದನ್ನು ಹಾಕಿದ್ದಾರೆ, ನೀವೇ ನೋಡಿ. ಕಿನ್ನಾಳದ ಗೊಂಬೆಗಳಿಗೆ ಜಿಐ ಗುರುತು, ಅಂದರೆ ಇದು ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ ಇದೆ, ದೂರದವರು ಹೆಸರು ಹಿಡಿದೇ ಹುಡುಕುತ್ತಾರೆ. ಅವರಿಗೆ ಗೊಂಬೆ ಮಾಡುವವರ ಮನೆ ಬಾಗಿಲು ಸಿಗುವ ಹಾಗೆ ಮಾಡುವುದು ಎಷ್ಟು ಒಳ್ಳೆಯ ಕೆಲಸ ಅಲ್ವಾ? ಸಿಂಧನೂರಿನಲ್ಲಿ ಭತ್ತ ಕೊಯ್ಲಿನ ಮೆಷಿನ್ ಬಾಡಿಗೆ ಕೊಡುವವರಿದ್ದಾರೆ. ಕೊಯ್ಲು ಶುರುವಾದ ಮೇಲೆ ಅವರ ಹತ್ತಿರ ಹೋದರೆ ತಡ, ನಾಟಿ ಮುಗಿದ ಹೊತ್ತಿಗೇ ಹೋಗಿ.

ಹೋಗುವ ಮೊದಲು ಮನೆಯಲ್ಲಿ ಅರ್ಧ ಗಂಟೆ ಹುಡುಕಿ ನೋಡಿಕೊಂಡು ಹೋಗಿ. ಅಂಗಡಿಯೊಳಗೇ ನಿಂತು ಹುಡುಕಿದರೆ ಹತ್ತಿರ ಇದೆ ಅಂತ ಗೂಗಲ್ ಅದನ್ನೇ ಮೇಲೆ ತೋರಿಸಬಹುದು, ಆಗ ಅವರು ನಮ್ಮದು ಚೆನ್ನಾಗೇ ಇದೆಯಲ್ಲ ಅಂತಾರೆ. ದೂರದ ಗೆಳೆಯರಿಂದ ಹುಡುಕಿಸಿ, ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಒಂದೇ ಒಂದು ತಪ್ಪನ್ನು ತೋರಿಸಿ. ಹತ್ತು ತೋರಿಸಿದರೆ ಅವರಿಗೆ ಗಾಬರಿ.

ಕೊನೆಯದಾಗಿ, ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ ಹಾಗೆ ಹೋಗಬೇಡಿ. ಅವರಿಗಿನ್ನೂ ಬೋಣಿ ಆಗಿರುವುದಿಲ್ಲ, ಆ ಹೊತ್ತಿನಲ್ಲಿ ಏನಾದರೂ ಮಾರಲು ಬಂದವರನ್ನು ಯಾರೂ ಇಷ್ಟಪಡುವುದಿಲ್ಲ. ಸಂಜೆ ಜನ ಇರುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ನಮ್ಮ ಕಡೆಯ ಬಿಸಿಲಿಗೆ ಆ ಹೊತ್ತಿನಲ್ಲಿ ಅಂಗಡಿಗೆ ಯಾರೂ ಬರುವುದಿಲ್ಲ, ಫ್ಯಾನಿನ ಕೆಳಗೆ ಒಬ್ಬರೇ ಕೂತಿರುತ್ತಾರೆ. ಬಾರಪ್ಪ, ಕೂತ್ಕೋ ಅಂತ ಒಂದು ಲೋಟ ನೀರು ಕೊಡುತ್ತಾರೆ. ನೀರು ಕುಡಿದು, ಆಮೇಲೆ ಫೋನ್ ತೆಗೆಯಿರಿ.

ನಮಸ್ಕಾರ.