ಗೂಡೆಲ್ ಕೊಟ್ಟ ಶಿಕ್ಷೆಗೆ ಗೂಡೆಲ್ ಬಳಿಯೇ ಮೇಲ್ಮನವಿ

ನಮಸ್ಕಾರ. ಇವತ್ತು ಎನ್‌ಎಫ್‌ಎಲ್ ಬಗ್ಗೆ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್ ಲೀಗ್ ಬಗ್ಗೆ ಮಾತಾಡಬೇಕು. ಆಟದ ಬಗ್ಗೆ ಅಲ್ಲ, ಅದರ ಕಮಿಷನರ್, ಅಂದರೆ ಲೀಗ್‌ನ ಮುಖ್ಯಸ್ಥ ರೋಜರ್ ಗೂಡೆಲ್ ಬಗ್ಗೆ. 2006ರಿಂದ ಆ ಕುರ್ಚಿಯಲ್ಲಿ ಅವರೇ ಇದ್ದಾರೆ. ಆಟಗಾರ ತಪ್ಪು ಮಾಡಿದರೆ ಶಿಕ್ಷೆ ಕೊಡುತ್ತಿದ್ದವರು ಅವರು. ಶಿಕ್ಷೆ ಸರಿಯಿಲ್ಲ ಅಂತ ಆಟಗಾರ ಮೇಲ್ಮನವಿ ಹಾಕಿದರೆ ಅದನ್ನು ಕೇಳುತ್ತಿದ್ದವರೂ ಅವರೇ, ಇಲ್ಲವಾದರೆ ಅವರು ನೇಮಿಸಿದ ಇನ್ನೊಬ್ಬರು. ಅವರಿಗೆ ಸಂಬಳ ಕೊಡುವುದು ಯಾರು? ತಂಡಗಳ ಮಾಲೀಕರು. ಈ ಏರ್ಪಾಡೇ ತಪ್ಪು ಅನ್ನುವುದು ನನ್ನ ವಾದ. ಗೂಡೆಲ್ ಒಳ್ಳೆಯವರೋ ಕೆಟ್ಟವರೋ ಅನ್ನುವುದು ಆಮೇಲಿನ ಮಾತು.

ಬಾಲ್ಟಿಮೋರ್ ರೇವನ್ಸ್ ತಂಡದ ಆಟಗಾರ ರೇ ರೈಸ್ ವಿಷಯ ನೋಡಿ. 2014ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೋ ಒಂದರ ಲಿಫ್ಟ್‌ನಲ್ಲಿ ಅವರು ತಾನು ಮದುವೆಯಾಗಲಿದ್ದ ಹೆಣ್ಣುಮಗಳನ್ನು ಹೊಡೆದು ಪ್ರಜ್ಞೆ ತಪ್ಪಿಸಿದರು. ಜುಲೈನಲ್ಲಿ ಗೂಡೆಲ್ ಕೊಟ್ಟ ಶಿಕ್ಷೆ ಎಷ್ಟು? ಎರಡು ಪಂದ್ಯದ ನಿಷೇಧ. ಜನ ಸಿಟ್ಟಾದರು. ಸರಿಯಾಗಿ ನಿರ್ಧರಿಸಲಿಲ್ಲ ಅಂತ ಆಗಸ್ಟ್‌ನಲ್ಲಿ ಗೂಡೆಲ್ ಅವರೇ ಮಾಲೀಕರಿಗೆ ಪತ್ರ ಬರೆದು ಒಪ್ಪಿಕೊಂಡರು. ಸೆಪ್ಟೆಂಬರ್ 8ಕ್ಕೆ ಲಿಫ್ಟ್ ಒಳಗಿನ ವಿಡಿಯೋ ಹೊರಬಂತು. ಅವತ್ತೇ ಶಿಕ್ಷೆ ಅನಿರ್ದಿಷ್ಟ ಕಾಲದ ನಿಷೇಧವಾಯಿತು. ರೈಸ್ ನಮಗೆ ನಡೆದದ್ದನ್ನು ಸರಿಯಾಗಿ ಹೇಳಿರಲಿಲ್ಲ ಅಂತ ಲೀಗ್ ಕಾರಣ ಕೊಟ್ಟಿತು. ಈ ಸಲ ಗೂಡೆಲ್ ಅವರೇ ಸಾಕ್ಷಿ ಹೇಳಬೇಕಿದ್ದರಿಂದ ಮೇಲ್ಮನವಿ ಹೊರಗಿನವರ ಕೈಗೆ ಹೋಯಿತು. ಮಾಜಿ ನ್ಯಾಯಾಧೀಶೆ ಬಾರ್ಬರಾ ಜೋನ್ಸ್ ಎಲ್ಲವನ್ನೂ ಕೇಳಿದರು. ರೈಸ್ ಲೀಗ್‌ಗೆ ಸುಳ್ಳು ಹೇಳಿಲ್ಲ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಸಲ್ಲ ಅಂತ ನಿಷೇಧವನ್ನೇ ರದ್ದು ಮಾಡಿದರು.

ರೈಸ್ ಮಾಡಿದ್ದು ಹೇಯ ಕೆಲಸ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೊದಲೇ ಸರಿಯಾಗಿ ವಿಚಾರಿಸಿ ಗಟ್ಟಿ ಶಿಕ್ಷೆ ಕೊಟ್ಟಿದ್ದರೆ ಅದು ನಿಲ್ಲುತ್ತಿತ್ತು ಅಲ್ವಾ? ವಿಡಿಯೋ ನೋಡಿ ಜನ ಕೂಗಿದ ಮೇಲೆ ಕೊಟ್ಟ ಶಿಕ್ಷೆ ನಿಲ್ಲಲಿಲ್ಲ. ಆ ಹೆಣ್ಣುಮಗಳಿಗೂ ಇದರಿಂದ ನ್ಯಾಯ ಸಿಗಲಿಲ್ಲ.

ಮರು ವರ್ಷ ಪೇಟ್ರಿಯಟ್ಸ್ ತಂಡದ ತಾರೆ ಟಾಮ್ ಬ್ರೇಡಿ ಪ್ರಕರಣ. 2015ರ ಜನವರಿಯ ಒಂದು ಪಂದ್ಯದಲ್ಲಿ ಆ ತಂಡದ ಚೆಂಡುಗಳಲ್ಲಿ ಗಾಳಿ ನಿಯಮಕ್ಕಿಂತ ಕಡಿಮೆ ಇತ್ತು; ಗಾಳಿ ಕಡಿಮೆಯಾದರೆ ಚೆಂಡು ಹಿಡಿಯುವುದು ಸುಲಭ. ವಕೀಲ ಟೆಡ್ ವೆಲ್ಸ್ 243 ಪುಟಗಳ ವರದಿ ಬರೆದರು. ಬ್ರೇಡಿಗೆ ಇದರ ಬಗ್ಗೆ ಸ್ಥೂಲವಾಗಿಯಾದರೂ ಗೊತ್ತಿದ್ದಿರುವ ಸಾಧ್ಯತೆಯೇ ಹೆಚ್ಚು ಅನ್ನುವಲ್ಲಿಗೆ ಆ ವರದಿ ನಿಂತಿತು. ಶಿಕ್ಷೆ ನಾಲ್ಕು ಪಂದ್ಯ. ಹೆಣ್ಣುಮಗಳನ್ನು ಹೊಡೆದದ್ದಕ್ಕೆ ಮೊದಲು ಎರಡು, ಚೆಂಡಿನ ಗಾಳಿಗೆ ನಾಲ್ಕು. ಬ್ರೇಡಿಯ ಮೇಲ್ಮನವಿಯನ್ನು ಗೂಡೆಲ್ ತಾವೇ ಕೇಳಿ, ತಮ್ಮ ಲೀಗ್ ಕೊಟ್ಟ ಶಿಕ್ಷೆಯನ್ನು ತಾವೇ ಎತ್ತಿಹಿಡಿದರು. ನ್ಯೂಯಾರ್ಕ್‌ನ ನ್ಯಾಯಾಧೀಶ ರಿಚರ್ಡ್ ಬರ್ಮನ್ ಅದನ್ನು ರದ್ದು ಮಾಡಿದರು. 2016ರ ಏಪ್ರಿಲ್‌ನಲ್ಲಿ ಮೇಲಿನ ಕೋರ್ಟ್ 2-1ರಿಂದ ಮತ್ತೆ ಜಾರಿಗೆ ತಂದಿತು. ಬ್ರೇಡಿ ತಪ್ಪು ಮಾಡಿದರೇ ಅನ್ನುವುದನ್ನು ಆ ಕೋರ್ಟ್ ನೋಡಲೇ ಇಲ್ಲ. ಈ ಅಧಿಕಾರವನ್ನು ಆಟಗಾರರ ಸಂಘವೇ ಒಪ್ಪಂದದಲ್ಲಿ ಬರೆದುಕೊಟ್ಟಿದೆ, ಕಮಿಷನರ್ ಅದರ ಮಿತಿಯಲ್ಲೇ ಇದ್ದಾರೆ ಅಂದಿತು.

ಈಗ ನನಗೆ ಅತಿ ಹೆಚ್ಚು ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ವಾಷಿಂಗ್ಟನ್ ತಂಡದ ಕಚೇರಿಯಲ್ಲಿ ಕೆಲಸ ಮಾಡಿದ ಹೆಂಗಸರು ವರ್ಷಗಟ್ಟಲೆ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ವಿಚಾರಣೆ ಆಯಿತು. 2021ರ ಜುಲೈನಲ್ಲಿ ತಂಡಕ್ಕೆ 1 ಕೋಟಿ ಡಾಲರ್ ದಂಡ ಬಿತ್ತು. ವರದಿ ಎಲ್ಲಿ? ಲಿಖಿತ ವರದಿಯೇ ಇಲ್ಲ, ವಿಚಾರಣೆ ಮಾಡಿದ ವಕೀಲರು ಬಾಯಲ್ಲೇ ಹೇಳಿದರು ಅಂದಿತು ಲೀಗ್. ದೂರು ಕೊಟ್ಟವರ ಗುಟ್ಟು ಕಾಪಾಡಬೇಕು ಅನ್ನುವುದು ಗೂಡೆಲ್ ಕೊಟ್ಟ ಕಾರಣ. ಆದರೆ ವರದಿ ಹೊರಗೆ ಬರಲಿ ಅಂತ ಕೇಳುತ್ತಿದ್ದವರಲ್ಲಿ ಆ ಹೆಂಗಸರೇ ಇದ್ದರು! ಹೆಸರು ಮುಚ್ಚಿ ಪ್ರಕಟಿಸಲು ಬರುವುದಿಲ್ಲವೇ? ಆಟಗಾರನ ಚೆಂಡಿನ ಗಾಳಿಗೆ 243 ಪುಟ. ಮಾಲೀಕನ ಕಚೇರಿಯಲ್ಲಿ ನೊಂದವರಿಗೆ ಒಂದು ಪುಟವೂ ಇಲ್ಲ. ಎರಡು ವರ್ಷದ ನಂತರ ಇನ್ನೊಂದು ತನಿಖೆಯ ವರದಿ ಪ್ರಕಟವಾಯಿತು, ಮಾಲೀಕ ಡ್ಯಾನ್ ಸ್ನೈಡರ್‌ಗೆ 6 ಕೋಟಿ ಡಾಲರ್ ದಂಡವೂ ಆಯಿತು. ಅಷ್ಟೊತ್ತಿಗೆ ಅವರು ತಂಡವನ್ನು 600 ಕೋಟಿ ಡಾಲರ್‌ಗೂ ಜಾಸ್ತಿಗೆ ಮಾರಲು ಒಪ್ಪಂದ ಮಾಡಿಕೊಂಡಾಗಿತ್ತು.

ಬ್ರೇಡಿ ಪ್ರಕರಣದಲ್ಲಿ ಮೇಲಿನ ಕೋರ್ಟ್ ಹೇಳಿದ್ದರಲ್ಲಿ ಒಂದು ಕಹಿ ಸತ್ಯ ಇದೆ. ಈ ಅಧಿಕಾರ ಒಪ್ಪಂದದ ಕಾಗದದಲ್ಲೇ ಇತ್ತು. 2011ರಲ್ಲಿ ಮಾಲೀಕರು ಲಾಕೌಟ್ ಮಾಡಿ ನಾಲ್ಕು ತಿಂಗಳಿಗೂ ಜಾಸ್ತಿ ಆಟಗಾರರನ್ನು ಹೊರಗಿಟ್ಟರು. ಕೊನೆಗೆ ಹತ್ತು ವರ್ಷದ ಒಪ್ಪಂದ ಆಯಿತು. ಆದಾಯದ ಪಾಲಿಗೆ, ಕಠಿಣ ತರಬೇತಿ ಕಡಿಮೆ ಮಾಡಿಸುವುದಕ್ಕೆ ಸಂಘ ಹೋರಾಡಿತು. ಶಿಸ್ತಿನ ಅಧಿಕಾರ ಮಾತ್ರ ಇದ್ದಲ್ಲೇ ಉಳಿಯಿತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಆಟಗಾರರು ಒಪ್ಪಂದಕ್ಕೆ ವಿರುದ್ಧ ಮತ ಹಾಕಿದರು. ಗೂಡೆಲ್ ಕೈಯಲ್ಲಿದ್ದ ಈ ಅಧಿಕಾರವೇ ಅವರ ದೊಡ್ಡ ತಕರಾರು. ಅವರ ಮಾತನ್ನು ಉಳಿದವರು ಕೇಳಬೇಕಿತ್ತು. ಬೇಸ್‌ಬಾಲ್ ಆಟಗಾರರು 1970ರಲ್ಲೇ ತಮ್ಮ ತಕರಾರುಗಳಿಗೆ ಹೊರಗಿನ ಮಧ್ಯಸ್ಥಗಾರ ಬೇಕು ಅಂತ ಹಟ ಹಿಡಿದು ಪಡೆದಿದ್ದರು.

ಮಾಲೀಕರ ಪರ ಗೂಡೆಲ್ ಎಷ್ಟು ಬಿಗಿಯಾಗಿ ನಿಲ್ಲುತ್ತಾರೆ ಅನ್ನುವುದು 2012ರಲ್ಲೂ ಕಂಡಿತು. ಪಿಂಚಣಿಯ ಜಗಳದಲ್ಲಿ ರೆಫ್ರಿಗಳನ್ನು ಹೊರಗಿಟ್ಟು ಬದಲಿ ರೆಫ್ರಿಗಳಿಂದ ಪಂದ್ಯ ನಡೆಸಿದರು. ಸೆಪ್ಟೆಂಬರ್ 24ರಂದು ಸಿಯಾಟಲ್‌ನಲ್ಲಿ ಕೊನೆಯ ಕ್ಯಾಚ್‌ಗೆ ಇಬ್ಬರು ರೆಫ್ರಿಗಳು ಬೇರೆ ಬೇರೆ ಸನ್ನೆ ಮಾಡಿದರು. ದೇಶವೇ ನೋಡಿತು. ಎರಡೇ ದಿನದಲ್ಲಿ ರಾಜಿ ಆಯಿತು.

2020ರ ಒಪ್ಪಂದದಲ್ಲಿ ಸ್ವಲ್ಪ ಬದಲಾಗಿದೆ. ನಡತೆಯ ಪ್ರಕರಣಗಳಲ್ಲಿ ಮೊದಲ ತೀರ್ಪು ಲೀಗ್ ಮತ್ತು ಸಂಘ ಸೇರಿ ನೇಮಿಸಿದವರದ್ದು. 2022ರಲ್ಲಿ, ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಲೈಂಗಿಕ ದುರ್ವರ್ತನೆಯ ದೂರು ಕೊಟ್ಟಿದ್ದ ಆಟಗಾರ ಡೆಶಾನ್ ವಾಟ್ಸನ್ ಪ್ರಕರಣದಲ್ಲಿ ಮಾಜಿ ನ್ಯಾಯಾಧೀಶೆ ಸೂ ರಾಬಿನ್ಸನ್ ಆರು ಪಂದ್ಯದ ಶಿಕ್ಷೆ ಕೊಟ್ಟರು. ಲೀಗ್ ಮೇಲ್ಮನವಿ ಹಾಕಿತು. ಯಾರ ಮುಂದೆ? ಗೂಡೆಲ್ ಆರಿಸಿದವರ ಮುಂದೆ. ತೀರ್ಪಿಗೆ ಮೊದಲೇ ಹನ್ನೊಂದು ಪಂದ್ಯ, 50 ಲಕ್ಷ ಡಾಲರ್ ದಂಡಕ್ಕೆ ರಾಜಿ ಆಯಿತು. ಅಷ್ಟು ಹೆಂಗಸರು ದೂರಿದ ಮೇಲೆ ಆರು ಪಂದ್ಯ ಕಡಿಮೆಯೇ ಆಗಿತ್ತು, ಹೆಚ್ಚಾದದ್ದು ಸರಿ. ಆದರೆ ಕೊನೆಯ ಮಾತು ಇನ್ನೂ ಮಾಲೀಕರು ಸಾಕುವ ಕುರ್ಚಿಯಲ್ಲೇ ಇದೆ. ಮುಂದಿನ ಸಲ ಅದೇ ಕುರ್ಚಿ ಶಿಕ್ಷೆಯನ್ನು ಇಳಿಸಿದರೆ ಯಾರು ಕೇಳುತ್ತಾರೆ?

ಈಗಿನ ಒಪ್ಪಂದ 2030ರ ಸೀಸನ್‌ವರೆಗೆ ಇದೆ. ಮಾಲೀಕರಿಗೆ 18 ಪಂದ್ಯದ ಸೀಸನ್ ಬೇಕು, ಗೂಡೆಲ್ ಅದನ್ನು ಬಹಿರಂಗವಾಗಿಯೇ ಹೇಳಿದ್ದಾರೆ. ಆಟಗಾರರ ಮೈಯಿಂದ ಇನ್ನೊಂದು ಪಂದ್ಯ ಕೇಳುತ್ತಿದ್ದಾರೆ ಅಂದರೆ ಸಂಘದ ಕೈಯಲ್ಲಿ ದೊಡ್ಡ ಅಸ್ತ್ರವೇ ಇದೆ. ಅದನ್ನು ಬರೀ ದುಡ್ಡಿಗೆ ಕೊಡಬೇಡಿ. ಮೇಲ್ಮನವಿ ಹೊರಗಿನ ನ್ಯಾಯಾಧೀಶರಿಗೆ ಹೋಗಲಿ, ಮಾಲೀಕರ ಮೇಲಿನ ವಿಚಾರಣೆಯ ವರದಿಯೂ ಲಿಖಿತವಾಗಿ ಹೊರಬರಲಿ. ಈ ಎರಡು ಸಾಲು ಒಪ್ಪಂದದಲ್ಲಿ ಬರುವವರೆಗೆ ಹದಿನೆಂಟನೇ ಪಂದ್ಯಕ್ಕೆ ಸಹಿ ಹಾಕಬೇಡಿ.