ಗಾರ್ಸ್ ಬೇಲಿ: ನೆಡುವ ಮುಂಚೆ ಈ ಗಿಡದ ಸ್ವಭಾವ ತಿಳಿದುಕೊಳ್ಳಿ

[ದೃಶ್ಯ: ಹಳದಿ ಹೂ ಮುಚ್ಚಿದ ಪೊದೆ, ತೀರಾ ಹತ್ತಿರದಿಂದ. ಒಂದು ಜೇನ್ನೊಣ ಬಂದು ಕೂರುತ್ತೆ.]

ನಮಸ್ಕಾರ. ಈ ಜೇನ್ನೊಣವನ್ನು ಸ್ವಲ್ಪ ಗಮನಿಸಿ. ಹೂವಿನ ಕೆಳಗಿನ ಎರಡು ಎಸಳು ದೋಣಿ ಥರ ಕೂಡಿಕೊಂಡಿವೆ. ನೊಣ ಅದರ ಮೇಲೆ ಭಾರ ಹಾಕಿದ ತಕ್ಷಣ ದೋಣಿ ಬಾಯಿಬಿಡುತ್ತೆ, ಒಳಗೆ ಬಿಗಿಯಾಗಿ ಬಾಗಿ ಕೂತಿದ್ದ ಕೇಸರಗಳು ಚಿಮ್ಮಿ ಅದರ ಹೊಟ್ಟೆಗೆ ಪರಾಗ ಬಳಿಯುತ್ತವೆ. ಈ ಹೂವಲ್ಲಿ ಮಕರಂದ ಇಲ್ಲ, ನೊಣಕ್ಕೆ ಸಿಗೋದು ಪರಾಗ ಮಾತ್ರ. ಬಿಸಿಲೇರಿದ ಮೇಲೆ ಪಕ್ಕದಲ್ಲಿ ನಿಂತರೆ ಕೊಬ್ಬರಿ ತುರಿದ ಹಾಗೆ ಘಮಘಮ.

ಇದೇ ಗಾರ್ಸ್. ಸಸ್ಯಶಾಸ್ತ್ರದ ಹೆಸರು ಯೂಲೆಕ್ಸ್ ಯುರೋಪಿಯಸ್. ಬ್ರಿಟನ್, ಐರ್ಲೆಂಡ್, ಫ್ರಾನ್ಸ್, ಸ್ಪೇನ್, ಪೋರ್ಚುಗಲ್, ಹೀಗೆ ಪಶ್ಚಿಮ ಯುರೋಪು ಇದರ ತವರು. ಅವರೆ, ಬಟಾಣಿಗಳ ಬಳಗಕ್ಕೆ ಸೇರಿದ ಗಿಡ. ಬೇರುಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡೋದರಿಂದ, ಬೇರೆ ಗಿಡ ಏಳದ ಬಡಕಲು ಮಣ್ಣಲ್ಲೂ ಇದು ಮೈತುಂಬಿ ಬೆಳೆಯುತ್ತೆ. ಸಾಮಾನ್ಯವಾಗಿ 2ರಿಂದ 3 ಮೀಟರ್ ಎತ್ತರ, ವರ್ಷವಿಡೀ ಹಸಿರು, ಮೈಯೆಲ್ಲ ಮುಳ್ಳು. ದನ ನುಗ್ಗಲ್ಲ, ಮನುಷ್ಯರಂತೂ ಕೈ ಹಾಕಲ್ಲ. ಸಮುದ್ರದ ಉಪ್ಪುಗಾಳಿಗೂ ಜಗ್ಗಲ್ಲ. ಬೇಲಿಗೆ ಇನ್ನೇನು ಬೇಕು ಅನಿಸುತ್ತೆ, ಅಲ್ವಾ?

ತವರಿನಲ್ಲಿ ಇದು ನಿಜಕ್ಕೂ ಒಳ್ಳೆ ಬೇಲಿ. ಬೆಳೆಸೋ ಕ್ರಮ ಮೊದಲು ಹೇಳ್ತೀನಿ. ಆಮೇಲೆ, ಎಲ್ಲಿ ಇದನ್ನು ನೆಡಲೇಬಾರದು, ಯಾಕೆ, ಅನ್ನೋದು. ದಯವಿಟ್ಟು ಆ ಎರಡನೇ ಭಾಗ ಬಿಟ್ಟು ಹೋಗಬೇಡಿ.

[ದೃಶ್ಯ: ಸಣ್ಣ ಕುಂಡದಲ್ಲಿ ಗಾರ್ಸ್ ಸಸಿ.]

ಜಾಗ ಪೂರ್ತಿ ಬಿಸಿಲಿರಬೇಕು, ನೀರು ನಿಲ್ಲಬಾರದು. ಮಣ್ಣು ಸ್ವಲ್ಪ ಹುಳಿ ಇದ್ದರೆ ಒಳ್ಳೇದು. ಗೊಬ್ಬರ ಬೇಡವೇ ಬೇಡ. ಮಣ್ಣು ಕೊಬ್ಬಿದಷ್ಟೂ ಗಿಡ ಉದ್ದುದ್ದ ಬೆಳೆದು ವಾಲುತ್ತೆ, ಹೂ ಕಮ್ಮಿಯಾಗುತ್ತೆ. ಬೀಜದ ಸಿಪ್ಪೆ ತುಂಬಾ ಗಟ್ಟಿ, ಹಾಗಾಗಿ ಬಿಸಿನೀರು ಹಾಕಿ ಒಂದು ದಿನ ನೆನೆಸಿಟ್ಟು ಆಮೇಲೆ ಬಿತ್ತಬೇಕು. ತಾಯಿಬೇರು ಆಳಕ್ಕೆ ಇಳಿಯೋ ಗಿಡ ಇದು, ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಬದುಕೋದು ಕಷ್ಟ. ಕುಂಡದಲ್ಲಿ ಬೆಳೆದ ಸಣ್ಣ ಸಸಿಯನ್ನೇ ತಂದು, ಸುಮಾರು 60 ಸೆಂಟಿಮೀಟರ್‌ಗೆ ಒಂದರಂತೆ ಸಾಲಾಗಿ ನೆಡಿ. ತುದಿ ಚಿವುಟಿದರೆ ಬುಡದಿಂದಲೇ ಕವಲೊಡೆಯುತ್ತೆ.

ಸವರೋದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಿಟ್ಟರೆ ಗಾರ್ಸ್ ಮೇಲೆ ಮಾತ್ರ ಹಸಿರಾಗಿ, ಕೆಳಗೆ ಬರೀ ಒಣಕಡ್ಡಿಯಾಗುತ್ತೆ. ಬುಡ ಬೋಳಾದ ಬೇಲಿ ಬೇಲಿಯೇ ಅಲ್ಲ. ಅದಕ್ಕೇ ಹೂ ಮುಗಿದ ಕೂಡಲೇ, ಕಾಯಿ ಬಲಿಯೋಕೆ ಮುಂಚೆ, ಪ್ರತಿವರ್ಷ ಸವರಬೇಕು. ಆದರೆ ಬ್ರಿಟನ್ನಲ್ಲಿ ಅದು ಹಕ್ಕಿಗಳು ಗೂಡು ಕಟ್ಟೋ ಕಾಲವೂ ಹೌದು. ಲಿನೆಟ್, ಸ್ಟೋನ್‌ಚಾಟ್ ಹಕ್ಕಿಗಳಿಗೆ ಈ ಮುಳ್ಳಿನ ಪೊದೆ ಅಂದ್ರೆ ಕೋಟೆ. ಅಲ್ಲಿನ 1981ರ ವನ್ಯಜೀವಿ ಕಾಯ್ದೆ ಪ್ರಕಾರ, ಹಕ್ಕಿ ಬಳಸ್ತಿರೋ ಗೂಡನ್ನು ಬೇಕಂತಲೇ ಕೆಡಿಸೋದು ಅಪರಾಧ. ಕತ್ತರಿ ಎತ್ತೋ ಮುಂಚೆ ಪೊದೆಯೊಳಗೆ ಚೆನ್ನಾಗಿ ನೋಡಿ. ಗೂಡಿದ್ದರೆ ಮರಿ ಹಾರಿಹೋಗೋವರೆಗೂ ಕಾಯಿರಿ. ಬೇಲಿ ಒಂದು ವರ್ಷ ಅಡ್ಡಾದಿಡ್ಡಿ ಇದ್ದರೆ ಏನೂ ಆಗಲ್ಲ.

ಹೂ ಮುಗಿದ ಮೇಲೆ ಅಂದೆ. ಮುಗಿಯೋದಾದರೂ ಯಾವಾಗ? ಗಾರ್ಸ್ ಹೂ ಬಿಡೋದು ನಿಂತಾಗಲೇ ಮುತ್ತು ಕೊಡೋದೂ ನಿಲ್ಲೋದು ಅಂತ ಅಲ್ಲೊಂದು ಹಳೇ ಗಾದೆ ಇದೆ. ಈ ಜಾತಿ ವಸಂತದಲ್ಲಿ ಮೈತುಂಬ ಅರಳಿದರೂ ಚಳಿಗಾಲದಲ್ಲೂ ನಾಲ್ಕು ಹೂ ಇದ್ದೇ ಇರುತ್ತೆ. ಇದರ ಗಿಡ್ಡ ದಾಯಾದಿಗಳು ಬೇಸಿಗೆ ಕೊನೆಯಿಂದ ಅರಳ್ತವೆ. ಅಂತೂ ಯಾವುದೋ ಒಂದು ಗಾರ್ಸ್ ಸದಾ ಹೂವಲ್ಲೇ ಇರುತ್ತೆ.

[ದೃಶ್ಯ: ಒಣಗಿ ಕಪ್ಪಾದ ಕಾಯಿ. ಚಟ್ ಅನ್ನೋ ಸದ್ದು.]

ಈಗ ಎರಡನೇ ಭಾಗ. ಬಿಸಿಲಿಗೆ ಕಾಯಿ ಒಣಗಿ ಸಿಪ್ಪೆ ತಿರುಚಿಕೊಂಡು ಸಿಡಿಯುತ್ತೆ. ಬಹುಪಾಲು ಬೀಜ ಬುಡದ ಸುತ್ತಲೇ ಬಿದ್ದರೂ ಕೆಲವು 5 ಮೀಟರ್ ದೂರಕ್ಕೂ ಹಾರ್ತವೆ. ಮಣ್ಣಲ್ಲಿ ಬಿದ್ದ ಬೀಜ 30 ವರ್ಷ ಆದ ಮೇಲೂ ಮೊಳೆಯಬಲ್ಲದು. ನೀವು ಬೇಲಿ ಕಿತ್ತು, ಮನೆ ಮಾರಿ ಹೋದ ಮೇಲೂ ಅದು ಮಣ್ಣಲ್ಲಿ ಕಾಯ್ತಿರುತ್ತೆ.

ಇದರ ಪರಿಣಾಮ ನೋಡಬೇಕಾದರೆ ನ್ಯೂಜಿಲೆಂಡಿಗೆ ಹೋಗಬೇಕು. ಯುರೋಪಿನಿಂದ ಬಂದು ನೆಲೆಸಿದವರು ಇದನ್ನು ತಂದಿದ್ದೇ ಬೇಲಿಗೆ ಅಂತ. 1835ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಾರ್ವಿನ್ ಆ ದೇಶದ ವೈಮಾಟೆ ಅನ್ನೋ ಜಾಗಕ್ಕೆ ಹೋದಾಗ, ಅಲ್ಲಿ ಬೇಲಿಗೆ ಗಾರ್ಸ್ ಬೆಳೆಸಿದ್ದನ್ನು ಬರೆದಿಟ್ಟಿದ್ದಾರೆ. 1900ಕ್ಕಾಗಲೇ ಹಾನಿಕಾರಕ ಕಳೆಗಳ ಮೇಲೆ ಕಾಯ್ದೆಯೇ ಬಂತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತೀವಲ್ಲ, ಅಲ್ಲಿ ಆಗಿದ್ದು ಅಕ್ಷರಶಃ ಅದೇ. ತವರಿನಲ್ಲಿ ಬೀಜ ತಿನ್ನೋ ಹುಳುಗಳಿವೆ, ಚಳಿಯೂ ಜೋರು. ನ್ಯೂಜಿಲೆಂಡಿನಲ್ಲಿ ಚಳಿ ಕಡಿಮೆ, ವರ್ಷಕ್ಕೆ ಎರಡು ಸಲ ಹೂ. 1931ರಲ್ಲಿ ಬೀಜ ತಿನ್ನೋ ಸೊಂಡಿಲು ಹುಳವನ್ನು ಯುರೋಪಿನಿಂದಲೇ ತಂದು ಬಿಟ್ಟರು. ಅದು ವಸಂತದ ಕಾಯಿಗಳನ್ನು ತಿಂತು, ಶರತ್ಕಾಲದ ಕಾಯಿಗಳು ತಪ್ಪಿಸಿಕೊಂಡವು. ಗಾರ್ಸ್ ಗೆದ್ದಿತು.

ಅದೇ ದೇಶದ ಬ್ಯಾಂಕ್ಸ್ ಪೆನಿನ್ಸುಲಾದಲ್ಲಿ, ಹಿನೆವಾಯ್ ಅನ್ನೋ ಕಾಯ್ದಿಟ್ಟ ಕಾಡಿದೆ. ಸಸ್ಯತಜ್ಞ ಹ್ಯೂ ವಿಲ್ಸನ್ 1987ರಿಂದ ಅಲ್ಲಿ ಗಾರ್ಸನ್ನು ಕಡಿಯದೆ ಹಾಗೇ ಬಿಟ್ಟರು. ಪೊದೆಯ ನೆರಳಲ್ಲಿ ಸ್ಥಳೀಯ ಮರದ ಸಸಿಗಳು ಎದ್ದು ಬಂದವು. ಗಾರ್ಸ್‌ಗೆ ನೆರಳಾಗಲ್ಲ, ಮರಗಳು ತಲೆ ಮೇಲೆ ಬೆಳೆದ ಹಾಗೆ ತಾನಾಗೇ ಸತ್ತುಹೋಯಿತು. ತಾಳ್ಮೆ ಇರೋ ಕಾಡಿಗೆ ಇದು ಸರಿ, ತೋಟಕ್ಕೆ ಈ ಉಪಾಯ ನಡೆಯಲ್ಲ.

ಬೆಂಕಿಯ ವಿಷಯ ಇನ್ನೂ ಗಂಭೀರ. ಗಾರ್ಸ್‌ನಲ್ಲಿ ಎಣ್ಣೆ ಅಂಶ ಜಾಸ್ತಿ, ಪೊದೆಯೊಳಗೆ ಒಣಕಡ್ಡಿ ರಾಶಿ. ಅಮೆರಿಕದ ಒರೆಗಾನ್‌ನ ಬ್ಯಾಂಡನ್ ಪಟ್ಟಣಕ್ಕೆ ಐರ್ಲೆಂಡಿನ ವಲಸಿಗರೊಬ್ಬರು ಇದನ್ನು ತಂದಿದ್ದರು. 1936ರ ಸೆಪ್ಟೆಂಬರಿನಲ್ಲಿ ಕಾಡಿನ ಬೆಂಕಿ ಊರ ಅಂಚಿಗೆ ಬಂದಾಗ, ಗಾರ್ಸ್ ಪೊದೆಗಳು ಅದನ್ನು ಊರೊಳಗೇ ಕರೆತಂದವು. ಊರಿನ ಬಹುಭಾಗ ಸುಟ್ಟುಹೋಯಿತು. ಗಾರ್ಸ್ ಮಾತ್ರ ಬುಡದಿಂದ ಮತ್ತೆ ಚಿಗುರುತ್ತೆ, ಬೀಜಕ್ಕೂ ಬೆಂಕಿಯ ಶಾಖ ಮೊಳೆಯೋಕೆ ನೆರವಾಗುತ್ತೆ.

ಹಾಗಾಗಿ ನನ್ನ ಮಾತು ಇಷ್ಟೇ: ಪಶ್ಚಿಮ ಯುರೋಪಿನ ಆಚೆ ಇದನ್ನು ನೆಡಬೇಡಿ. ಆಸ್ಟ್ರೇಲಿಯಾದಲ್ಲಿ ಇದು ರಾಷ್ಟ್ರಮಟ್ಟದ ಕಳೆ. ಹವಾಯಿ, ಶ್ರೀಲಂಕಾ, ನೀಲಗಿರಿ ಬೆಟ್ಟಗಳಲ್ಲೂ ಕಾಡುಬಿದ್ದಿದೆ. ತವರಿನಲ್ಲೇ ಇದ್ದರೂ ಮನೆ ಗೋಡೆಗೆ ತಾಗಿಸಿ ನೆಡಬೇಡಿ. ಸಾಧ್ಯವಾದರೆ 'ಫ್ಲೋರೆ ಪ್ಲೇನೊ' ಅನ್ನೋ ಸುತ್ತುಹೂವಿನ ತಳಿ ಹುಡುಕಿ. ಅದು ಬೀಜ ಕಟ್ಟಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ತುಸು ಗಿಡ್ಡ, ಹೂವೂ ಹೆಚ್ಚು. ತೋಟದ ಬೇಲಿಗೆ ನನಗೆ ಇದೇ ಸರಿ ಅನಿಸುತ್ತೆ.

[ದೃಶ್ಯ: ಅಂಗೈಯಲ್ಲಿ ಬೆರಳುದ್ದದ ಮೊಳಕೆ.]

ಈಗಾಗಲೇ ನಿಮ್ಮ ಜಾಗದಲ್ಲಿ ಗಾರ್ಸ್ ಹಬ್ಬಿದ್ದರೆ ಈ ಮೊಳಕೆಯನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ಮೂರು ಮೂರು ಮೆತ್ತನೆ ಎಲೆ, ಒಂದೂ ಮುಳ್ಳಿಲ್ಲ. ಎಷ್ಟೋ ಜನ ಇದನ್ನು ಗಾರ್ಸ್ ಅಂತ ಗುರುತೇ ಹಿಡಿಯಲ್ಲ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಎರಡು ಬೆರಳಲ್ಲಿ ಹಿಡಿದು ಎಳೆದರೆ ಬೇರು ಸಮೇತ ಬರುತ್ತೆ. ಆಮೇಲೆ ಬರೋ ಎಲೆಗಳು ಗಟ್ಟಿಯಾಗಿ ಮುಳ್ಳಾಗ್ತವೆ, ಆಗ ದಪ್ಪ ಕೈಗವಸು, ಗುದ್ದಲಿ ಎರಡೂ ಬೇಕಾಗುತ್ತೆ.