ಹಲ್ಲಿನ ಕಲೆಗೆ ನಾಚಿ ಹಲ್ಲನ್ನೇ ಕಳ್ಕೋಬೇಡಿ

ನಮಸ್ಕಾರ. ಪಾವಗಡದಿಂದ ಮಾತಾಡ್ತಿದ್ದೀನಿ, ರಜೆ ಮೇಲೆ ಊರಿಗೆ ಬಂದಿದ್ದೀನಿ. ನನ್ನ ಬಾಯಲ್ಲಿ ಈಗ ಒಂದು ಹಲ್ಲಿಲ್ಲ. ಮೇಲಿನ ದವಡೆ, ಬಲಗಡೆ, ಹಿಂದಿನಿಂದ ಎರಡನೇದು. ಅದನ್ನ ಕೀಳಿಸಿಕೊಂಡಿದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹೊರದೇಶದಲ್ಲಿರೋ ನಮ್ಮ ಕಡೆಯವರು ಇದನ್ನ ಕೇಳಲೇಬೇಕು ಅಂತ ಕೂತಿದ್ದೀನಿ.

ಅಲ್ಲಿ ನಾನು ವಯಸ್ಸಾದವರ ಕೇರ್ ಹೋಮ್‌ನಲ್ಲಿ ಕೆಲಸ ಮಾಡ್ತೀನಿ. ರಾತ್ರಿ ಪಾಳಿಯಲ್ಲಿ ಅವರ ಕಟ್ಟಿಸಿದ ಹಲ್ಲಿನ ಸೆಟ್ ತೆಗೆದು, ಬ್ರಷ್‌ನಲ್ಲಿ ಉಜ್ಜಿ, ಹೆಸರು ಬರೆದಿರೋ ಡಬ್ಬಿಯ ನೀರಲ್ಲಿ ಹಾಕಿಡ್ತೀನಿ. ಆದ್ರೆ ನನ್ನ ಹಲ್ಲು ನೋಯೋಕೆ ಶುರುವಾದ ಮೇಲೆ ಹತ್ತು ತಿಂಗಳು ಯಾರಿಗೂ ತೋರಿಸಲಿಲ್ಲ. ತಣ್ಣೀರು ತಾಗಿದ್ರೆ ಜುಮ್ ಅನ್ನೋದು. ಪೌಂಡನ್ನ ರೂಪಾಯಿಗೆ ಲೆಕ್ಕ ಹಾಕಿ, ಊರಿಗೆ ಹೋದಾಗ ತೋರಿಸಿದ್ರಾಯ್ತು ಅಂತ ಲವಂಗ ಕಚ್ಚಿಕೊಂಡು ದಿನ ದೂಡಿದೆ.

ದುಡ್ಡು ಒಂದು ಕಾರಣ. ದೊಡ್ಡ ಕಾರಣ ನಾಚಿಕೆ.

ನಮ್ಮ ತಾಲೂಕಿನವರಿಗೆ ಬಿಡಿಸಿ ಹೇಳೋದೇ ಬೇಡ. ಹಲ್ಲಿನ ಮೇಲೆ ಕಂದು ಗೆರೆ, ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ. ಸ್ಕೂಲ್ ಗ್ರೂಪ್ ಫೋಟೋದಲ್ಲಿ ನಮ್ಮ ಸಾಲಿನ ಹೆಣ್ಣುಮಕ್ಕಳು ಒಬ್ಬರೂ ಹಲ್ಲು ಬಿಟ್ಟು ನಕ್ಕಿಲ್ಲ. ಇದು ಕೊಳಕಲ್ಲ, ಕೊಳವೆಬಾವಿಯ ನೀರಿನ ಫ್ಲೋರೈಡ್. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಪಾವಗಡ, ಬಾಗೇಪಲ್ಲಿ ಕಡೆ ಎಷ್ಟೋ ಬೋರ್‌ಗಳಲ್ಲಿ ಅದು ದಾಟಿದೆ. ಎಂಟು ವರ್ಷದೊಳಗೆ, ಹಲ್ಲು ವಸಡಿನೊಳಗೇ ಬೆಳೀತಿರೋವಾಗ ಇಂಥ ನೀರು ಹೊಟ್ಟೆಗೆ ಹೋದ್ರೆ ಹೊರಗಿನ ಪದರ ಸರಿಯಾಗಿ ಗಟ್ಟಿಯಾಗಲ್ಲ. ಆಮೇಲೆ ಎಷ್ಟು ಉಜ್ಜಿದ್ರೂ ಆ ಕಲೆ ಹೋಗಲ್ಲ.

ಇಂಗ್ಲೆಂಡಿನಲ್ಲಿ ಸರ್ಕಾರಿ ದರದಲ್ಲಿ ನೋಡೋ ದಂತವೈದ್ಯರು ಸಿಗೋದು ಕಷ್ಟ. ಎಷ್ಟೋ ಕಡೆ ಹೊಸಬರನ್ನ ತಗೊಳ್ಳೋದೇ ಇಲ್ಲ. ಒಂದು ರಾತ್ರಿ ಕೆನ್ನೆ ಊದಿ ಕಣ್ಣು ಮುಚ್ಚೋ ಹಾಗಾದಾಗ ಅಲ್ಲಿನ ಸರ್ಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದೆ. ಅವರು ಒಂದು ಕಡೆ ಕಳಿಸಿದ್ರು.

ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದಾಗ ಆ ಡಾಕ್ಟರಮ್ಮ ಮೊದಲು ಕೇಳಿದ್ದು, ತಂಬಾಕು ಹಾಕ್ತೀರಾ? ಆ ಪ್ರಶ್ನೆಗೆ ಹೆದರಿಯೇ ನಾನು ಹತ್ತು ತಿಂಗಳು ಕಾದಿದ್ದು. ಇಲ್ಲ, ನಮ್ಮೂರ ಬೋರ್ ನೀರು ಅಂದೆ. ಅವರು ಫ್ಲೋರೋಸಿಸ್, ಅಂದ್ರೆ ಫ್ಲೋರೈಡ್‌ನಿಂದ ಬಂದ ಕಲೆ, ಅಂತ ಬರ್ಕೊಂಡ್ರು, ಅಷ್ಟೇ. ಅಲ್ಲೇ ಹತ್ತಿರದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಳುಕು ತಡೆಯೋಕೆ 1964ರಿಂದ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸ್ತಾರಂತೆ, ಅಳೆದು, ಲೀಟರಿಗೆ 1 ಮಿಲಿಗ್ರಾಂ. ಅವರಿಗೆ ಅಳೆದು ಕೊಡೋರಿದ್ದಾರೆ. ನಮಗೆ ಭೂಮಿ ಕೊಟ್ಟಷ್ಟೂ ಕುಡಿದ್ವಿ, ಅಳೆಯೋರು ಬಂದಿದ್ದು ತಡವಾಗಿ.

ಆಮೇಲೆ ಅವರು ಹೇಳಿದ ಒಂದು ಮಾತು ಇನ್ನೂ ಚುಚ್ಚುತ್ತೆ. ಅಲ್ಲಿ ಸರ್ಕಾರಿ ವ್ಯವಸ್ಥೆಯಲ್ಲಿ ಹಲ್ಲು ಉಳಿಸೋ ರೂಟ್ ಕೆನಾಲ್ ಚಿಕಿತ್ಸೆಗೂ ಹಲ್ಲು ಕೀಳೋದಕ್ಕೂ ಒಂದೇ ದರ. ಬ್ಯಾಂಡ್ 2 ಅಂತಾರೆ, 2025ರ ಏಪ್ರಿಲ್‌ನಲ್ಲಿ ಅದು 75.30 ಪೌಂಡ್ ಇತ್ತು. ಮೊದಲೇ ಬಂದಿದ್ರೆ ಅದೇ ದುಡ್ಡಿಗೆ ಹಲ್ಲು ಉಳೀತಿತ್ತು. ಕಲೆಯಿಂದ ಹೋದ ಹಲ್ಲಲ್ಲ ಅದು. ಕಲೆಯನ್ನ ಬಚ್ಚಿಟ್ಟಿದ್ದರಿಂದ ಹೋಗಿದ್ದು.

ಇಂಜೆಕ್ಷನ್ ಕೊಟ್ಟ ಮೇಲೆ ಅರ್ಧ ಮುಖ ಮರಗಟ್ಟಿತು. ನೋವಿಲ್ಲ. ಆದ್ರೆ ದವಡೆಯನ್ನೇ ಯಾರೋ ಅಲ್ಲಾಡಿಸ್ತಿರೋ ಹಾಗೆ ಒತ್ತಡ, ಕಿವಿಯೊಳಗೆ ಕರಕರ ಸದ್ದು. ಗಾಜ್ ಬಟ್ಟೆ ಮೇಲೆ ಹಲ್ಲಿಟ್ಟು ತೋರಿಸಿದ್ರು. ಮೂರು ಬೇರು, ಒಂದರ ತುದಿ ಕೊಕ್ಕೆ ಥರ ಬಾಗಿತ್ತು. ಚಿಕ್ಕವಳಿದ್ದಾಗ ಬಿದ್ದ ಹಲ್ಲನ್ನ ಸಗಣಿ ಉಂಡೆಯೊಳಗಿಟ್ಟು ಮನೆ ಮೇಲೆ ಎಸೀತಿದ್ವಿ, ಹೊಸ ಹಲ್ಲು ಬರಲಿ ಅಂತ. ಇದಕ್ಕೆ ಹೊಸದು ಬರಲ್ಲ. ಅಲ್ಲೇ ಬಿಟ್ಟು ಬಂದೆ.

ಅಮ್ಮನಿಗೆ ಫೋನ್ ಮಾಡಿದ್ರೆ ಒಂದೇ ಗೋಳು. "ಮೇಲಿನ ಹಲ್ಲು ಕೀಳಿಸಿಬಿಟ್ಟೆಯಲ್ಲೇ, ಕಣ್ಣು ಹೋದ್ರೆ ಏನೇ ಗತಿ?" ಅಮ್ಮಂದಿರೇ, ಮೇಲಿನ ಹಲ್ಲಿಗೂ ದೃಷ್ಟಿಗೂ ಸಂಬಂಧವಿಲ್ಲ. ಕೀಳಿಸಿದ ಮೇಲೆ ಜೋಪಾನ ಮಾಡಬೇಕಾದ್ದು ಆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವನ್ನ. ಒಂದು ದಿನ ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಸ್ಟ್ರಾದಲ್ಲಿ ಹೀರಬಾರದು, ಬೀಡಿ ಸಿಗರೇಟು ಮುಟ್ಟಲೇಬಾರದು. ಹೆಪ್ಪು ಕಿತ್ತು ಬಂದ್ರೆ ಮೂಳೆ ಬಯಲಾಗುತ್ತೆ, ಕೀಳಿಸಿದ್ದಕ್ಕಿಂತ ದೊಡ್ಡ ನೋವು ಅದು. ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ನಾನು ರಾಗಿ ಅಂಬಲಿ ಆರಿಸಿ ಕುಡಿದೆ, ಇಂಡಿಯನ್ ಅಂಗಡಿಯಲ್ಲಿ ರಾಗಿಹಿಟ್ಟು ಸಿಗುತ್ತೆ.

ಹೊರದೇಶಕ್ಕೆ ಹೊರಟವರು ಮಸಾಲೆಪುಡಿ ಕಟ್ಟಿಕೊಳ್ಳೋ ಮುಂಚೆ ಬಾಯಿ ತೋರಿಸಿಕೊಂಡು ಹೋಗಿ. ಅಲ್ಲಿ ನೋವು ಬಂದ್ರೆ ರಜೆಗೆ ಕಾಯಬೇಡಿ. ಕಲೆ ಬಗ್ಗೆ ಯಾರಾದ್ರೂ ಕೇಳಿದ್ರೆ ತಲೆ ತಗ್ಗಿಸಬೇಡಿ, ನಮ್ಮೂರ ನೀರು ಅನ್ನಿ. ತಿರುಮಣಿ ಕಡೆಯ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ನಿಂದ ಪಾವಗಡದ ಹೆಸರು ಎಲ್ಲೆಲ್ಲೋ ಗೊತ್ತಾಗಿದೆ. ನಮ್ಮ ನೀರಿನ ಸುದ್ದಿಯೂ ಅಷ್ಟೇ ಗೊತ್ತಾಗಬೇಕು.

ನನ್ನ ತಂಗಿ ಮಗಳಿಗೆ ಈಗ ಐದು ವರ್ಷ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತಾರೆ. ಆದ್ರೆ ಮುದ್ದೆಗೆ ಎಸರಿಡೋದು, ಬೇಳೆ ಬೇಯಿಸೋದು ಇವತ್ತಿಗೂ ಬೋರ್ ನೀರಲ್ಲೇ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತೆ ಅಂತ ಹೇಳಿದ್ದಕ್ಕೆ ತಂಗಿ, "ಅಕ್ಕಾ, ದಿನಾ ಎರಡು ಕ್ಯಾನ್ ಹೊತ್ತು ತರೋರು ಯಾರು?" ಅಂದಳು. ನ್ಯಾಯವಾದ ಮಾತೇ. ಘಟಕ ಮನೆಯಿಂದ ಮುಕ್ಕಾಲು ಕಿಲೋಮೀಟರ್. ನಾನಿರೋವರೆಗೆ ಎರಡನೇ ಕ್ಯಾನ್ ನಾನೇ ತರ್ತೀನಿ. ಹೋಗೋದ್ರೊಳಗೆ ಅವಳಿಗೊಂದು ಹಳೇ ಟಿವಿಎಸ್ ಕೊಡಿಸಬೇಕು.